ಹಿಟ್ಟಿಲ್ಲದ ಮೂರು ದಿನ

ಸೋಮವಾರ ಬೆಳಿಗ್ಗೆ ಸೋಮನಿಂಗ ಜೋಳದ ಚೀಲವನ್ನು ಹೆಗಲಿಗೇರಿಸಿಕೊಂಡಾಗ ಹೆಂಡತಿ ಕಾವೇರಿ ಅದರ ತುದಿ ಹಿಡಿದು ನಿಲ್ಲಿಸಿದಳು.

"ಪೂರಾ ಒಯ್ಯಬ್ಯಾಡ್ರಿ. ಒಂದೆರಡು ಸೇರು ಇಟ್ಟು ಹೋಗ್ರಿ."

"ಕಾಳು ಇಟ್ಕೊಂಡು ಏನ ಮಾಡ್ತಿ? ಇಲ್ಲಿ ಬೀಸುಕಲ್ಲ ಐತೇನ?" ಸೋಮನಿಂಗ ನಕ್ಕ. "ಗಿರಣ್ಯಾಗ ಪಾಳಿ ಇಲ್ದಿದ್ರ ಮಧ್ಯಾಹ್ನದಾಗ ಬಂದಬಿಡ್ತೇನಿ. ಬಿಸಿ ರೊಟ್ಟಿ ಬಡಿಯಂತಿ."

ಅವನು ಹಳ್ಳ ದಾಟಿ, ಊರ ಕಡೆಯ ಹಾದಿ ಹಿಡಿದು, ತೊಗರಿ ಹೊಲದ ಮರೆಗೆ ಹೋದ. ಕಾವೇರಿ ಹಿಟ್ಟಿನ ಡಬ್ಬಿಯನ್ನು ಮತ್ತೊಮ್ಮೆ ತೆರೆದು ನೋಡಿದಳು. ಇದ್ದದ್ದನ್ನೆಲ್ಲ ಆ ಬೆಳಿಗ್ಗೆಯೇ ರೊಟ್ಟಿ ಬಡಿದಿದ್ದಳು. ಖಾಲಿ ಡಬ್ಬಿ ಕಂಡರೆ ಅವಳಿಗೆ ತವರಿನ ದಿನಗಳು ನೆನಪಾಗುತ್ತಿದ್ದವು. ಅವಳು ಐದು ವರ್ಷದವಳಿದ್ದಾಗ ಅಪ್ಪನ ಕುರಿಗಳೆಲ್ಲ ರೋಗ ಬಂದು ಸತ್ತಿದ್ದವು. ಆಮೇಲೆ ಸಿಂದಗಿಯ ಕಾಳಿನ ಪೇಟೆಯಲ್ಲಿ ನೆಲಕ್ಕೆ ಚೆಲ್ಲಿದ್ದ ಜೋಳವನ್ನು ಅವ್ವ ಗುಡಿಸಿ, ಮೊರದಲ್ಲಿ ಕೇರಿ ತಂದ ದಿನ ಒಲೆ ಹೊತ್ತುತ್ತಿತ್ತು. ಪೇಟೆ ಬಂದ್ ಇದ್ದ ದಿನ ಹೊತ್ತುತ್ತಿರಲಿಲ್ಲ. ಮದುವೆಯಾಗಿ ಮತ್ತೆ ಕುರಿಯವರ ಮನೆ ಸೇರಿ ಏಳು ವರ್ಷವಾದರೂ ನಾಳೆಗೆ ಏನು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ಡಬ್ಬಿ ಮುಚ್ಚು ತಂಗಿ. ನೋಡಿದ್ರ ತುಂಬತೈತೇನ?" ಎಂದಳು ಶೇವಂತೆವ್ವ. ಸೋಮನಿಂಗನ ತಾಯಿ, ಕಾವೇರಿಗೆ ಸೋದರತ್ತೆಯೂ ಹೌದು. ಹಣೆಗೆ ಅರಿಶಿನದ ಭಂಡಾರ, ಮೊಣಕೈತನಕ ಹಚ್ಚೆ. ಯಾರು ಬಂದು ಕೈಯೊಡ್ಡಿದರೂ ಇದ್ದದ್ದರಲ್ಲಿ ಮುರಿದುಕೊಡುವವಳು. "ಕೊಡಾಂವ ಅಮೋಘಸಿದ್ಧ ಅದಾನ" ಎಂದು ಕುರಿಗಾರರ ದೇವರ ಹೆಸರು ತೆಗೆದರೆ ಅವಳ ಮಟ್ಟಿಗೆ ಮಾತು ಮುಗಿಯಿತು.

ಇಂಡಿ ಸೀಮೆಯಿಂದ ಅವರು ಪ್ರತಿ ವರ್ಷ ಈ ದಿನಗಳಲ್ಲಿ ಡೋಣಿ ನದಿಯ ದಂಡೆಗೆ ಬರುತ್ತಿದ್ದರು. ಹಿಂಗಾರಿ ಜೋಳದ ಬಿತ್ತನೆಗೆ ಇನ್ನೂ ಹದಿನೈದು ದಿನವಿತ್ತು. ಅಲ್ಲಿಯತನಕ ಚನ್ನಬಸಯ್ಯನವರ ಎರೆಹೊಲದಲ್ಲಿ ಬಲೆ ಕಟ್ಟಿ ಕುರಿಗಳನ್ನು ಕೂಡಿಹಾಕಿದರೆ ಹೊಲಕ್ಕೆ ಗೊಬ್ಬರ, ಇವರ ಹೊಟ್ಟೆಗೆ ಜೋಳ. ಎಪ್ಪತ್ತೆರಡು ಕುರಿ, ಒಂದು ನಾಯಿ, ತಾಡಪಾಲಿನ ಗುಡಾರ, ನಾಲ್ಕು ವರ್ಷದ ಮಗಳು ಮಾಲಾ. ಅವರ ಸಂಸಾರವೆಲ್ಲ ಆ ಹೊಲದಲ್ಲಿತ್ತು.

ಹೊತ್ತು ನೆತ್ತಿಗೇರುವ ಮೊದಲೇ ನಾಯಿ ನದಿಯ ಕಡೆ ಮುಖಮಾಡಿ ಬೊಗಳತೊಡಗಿತು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೆ ಮೇಲೆ ಜತ್ತದ ಕಡೆ ಎರಡು ದಿನ ಸುರಿದ ಮಳೆ ಈಗ ಇಳಿದು ಬರುತ್ತಿತ್ತು. ಕಾವೇರಿ ದಂಡೆಗೆ ಹೋಗಿ ನೋಡಿದಳು. ಮೊಣಕಾಲುದ್ದ ಹರಿಯುತ್ತಿದ್ದ ನೀರು ಕೆಂಪು ಕೆಸರಾಗಿ, ನೊರೆ ಹೊತ್ತು, ದಂಡೆಯ ಜಾಲಿಗಳ ಬುಡ ನುಂಗಿತ್ತು. ಅವಳು ಓಡಿ ಬಂದು ಊರಿನ ಹಾದಿಯತ್ತ ತಿರುಗಿದಳು. ಗಂಡ ಬೆಳಿಗ್ಗೆ ಹೆಜ್ಜೆಯಿಟ್ಟು ದಾಟಿದ್ದ ಹಳ್ಳ ಎಲ್ಲಿತ್ತೆಂದೇ ತಿಳಿಯಲಿಲ್ಲ. ಡೋಣಿಯ ನೀರು ಹಳ್ಳದೊಳಗೆ ಹಿಂದಕ್ಕೆ ನುಗ್ಗಿ, ಹೊಲದ ಬೆನ್ನಿಗೂ ಬಂದು ನಿಂತಿತ್ತು.

"ಯತ್ತೀ, ಎರಡೂ ಕಡೆ ನೀರು ಬಂದೈತಿ! ಏಳು!"

ಹೊಲದ ನಡುವೆ ಒಂದು ದಿಬ್ಬವಿತ್ತು. ಹಿಂದೆಂದೋ ಬಾವಿ ತೋಡಿ, ನೀರು ಉಪ್ಪೆಂದು ಬಿಟ್ಟು, ತೆಗೆದ ಮಣ್ಣನ್ನು ಗುಡ್ಡೆ ಹಾಕಿದ್ದರು. ಮೇಲೆ ಐದಾರು ಜಾಲಿಗಿಡ. ಕಾವೇರಿ ಬಲೆ ಬಿಚ್ಚಿ ಟಗರಿನ ಕೊರಳಿಗೆ ಹಗ್ಗ ಹಾಕಿ ಎಳೆದಳು. ಟಗರಿನ ಹಿಂದೆ ಹಿಂಡು ಹತ್ತಿತು. ಶೇವಂತೆವ್ವ ನೋವಿನ ಮೊಣಕಾಲನ್ನು ಎಳೆಯುತ್ತ ಮಾಲಾಳನ್ನೂ ರೊಟ್ಟಿಬುಟ್ಟಿಯನ್ನೂ ತಂದಳು. ಕಾವೇರಿ ಮತ್ತೆರಡು ಸಲ ಇಳಿದು ತಾಡಪಾಲು, ಕಂಬಳಿ, ಸಿಹಿನೀರಿನ ಕೊಡ, ಹಿಟ್ಟಿನ ಡಬ್ಬಿ, ತಾಟು, ಕುಡಗೋಲು ಹೊತ್ತು ತಂದಳು. ಮೂರನೆಯ ಸಲ ಇಳಿಯುವಷ್ಟರಲ್ಲಿ ಗುಡಾರದ ಕೋಲುಗಳು ತೇಲಿಹೋಗುತ್ತಿದ್ದವು.

ಸಂಜೆಗೆ ಆಚೆ ದಂಡೆಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಸೋಮನಿಂಗನ ರುಮಾಲು. ಅವನು ಅದನ್ನು ಬಿಚ್ಚಿ ಬೀಸುತ್ತಿದ್ದ, ಏನೋ ಕೂಗುತ್ತಿದ್ದ. ನೀರಿನ ಸದ್ದಿನಲ್ಲಿ ಒಂದಕ್ಷರವೂ ಈಚೆ ಬರಲಿಲ್ಲ. ಫೋನು ಇದ್ದದ್ದು ಅವನ ಹತ್ತಿರವೇ.

ಕಾವೇರಿ ಬುಟ್ಟಿಯ ಅರಿವೆ ಸರಿಸಿ ನೋಡಿದಳು. ಆರು ರೊಟ್ಟಿ, ಒಂದು ಹಿಡಿ ಶೇಂಗಾಹಿಂಡಿ, ನಾಲ್ಕು ಉಳ್ಳಾಗಡ್ಡಿ. ಕೊಡದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೀರು. ಅವಳು ಒಂದು ರೊಟ್ಟಿಯನ್ನು ಮೂರು ಪಾಲು ಮಾಡಿದಳು. ಶೇವಂತೆವ್ವ ತನ್ನ ಪಾಲಿನಿಂದ ಮುರಿದು ನಾಯಿಗೆ ಹಾಕಿದಾಗ ಕಾವೇರಿಗೆ ತಡೆಯಲಾಗಲಿಲ್ಲ.

"ನಾಳಿಗೆ ಏನ್ ಮಾಡೂದು ಯತ್ತಿ? ನಾಡದಿಗೆ?"

"ಅದೂ ನಮ್ಮ ಸಂಗಾಟ ಹತ್ತಿ ಬಂದೈತಿ. ಅದಕ್ಕೂ ಹೊಟ್ಟಿ ಐತಿ. ನಾಳಿಂದು ಕೊಡಾಂವ ನೋಡ್ಕೊಂತಾನ."

ಕಾವೇರಿ ಬುಟ್ಟಿಯನ್ನು ತನ್ನ ತೊಡೆಯಡಿಗೆ ಎಳೆದುಕೊಂಡಳು.

ಮಂಗಳವಾರ ಬಿಸಿಲು ಚುರುಗುಟ್ಟಿತು. ನೀರು ಏರಲಿಲ್ಲ, ಇಳಿಯಲೂ ಇಲ್ಲ. ಕಾವೇರಿ ನೀರಿನ ಅಂಚಿಗೆ ಒಂದು ಕೋಲು ಚುಚ್ಚಿ, ಕ್ಷಣಕ್ಕೊಮ್ಮೆ ಅದನ್ನೇ ನೋಡುತ್ತಿದ್ದಳು. ಜಾಲಿಯ ಟೊಂಗೆ ಕಡಿದು ಕುರಿಗಳ ಮುಂದೆ ಹಾಕಿದಳು. ಮುಳ್ಳು ತರಚಿ ಮುಂಗೈಯೆಲ್ಲ ರಕ್ತವಾಯಿತು. ಕುರಿಗಳು ಡೋಣಿಯ ಕೆಸರುನೀರನ್ನೇ ಹೀರಿದವು. ತಾಯಿ ನೋಡದಾಗ ಮಾಲಾ ಕೂಡ ಬೊಗಸೆಯಲ್ಲಿ ಮೊಗೆದು ಕುಡಿದು, ಹೊತ್ತೇರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿದಳು. ಮಗುವಿನ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಕಾವೇರಿ ಒಂದು ಕುರಿಯ ಹಾಲು ಹಿಂಡಿ ಕುಡಿಸಿದಳು. ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಮಧ್ಯಾಹ್ನಕ್ಕೆ ಕೊಡದ ತಳ ಕಂಡಿತು. ಕೊನೆಯ ನೀರನ್ನು ಕಾವೇರಿ ಮಗುವಿಗೆ ಗುಟುಕು ಗುಟುಕಾಗಿ ಹಾಕಿದಳು. ಸುತ್ತ ಎತ್ತ ನೋಡಿದರೂ ನೀರು, ಕುಡಿಯಲು ಮಾತ್ರ ಹನಿಯಿಲ್ಲ. ಶೇವಂತೆವ್ವ ಸೊಂಟದ ಸಂಚಿಯಿಂದ ಭಂಡಾರ ತೆಗೆದು ನಾಲ್ಕು ದಿಕ್ಕಿಗೂ ತೂರಿ, ಸೆರಗೊಡ್ಡಿ ಕುಳಿತಳು. "ಸಿದ್ಧಪ್ಪಾ, ಕೂಸಿಗೆ ಒಂದು ಕೊಡ ಸೀನೀರು ಕೊಡೋ. ಹೆಚ್ಚಿಗಿ ಕೇಳಾಕತ್ತಿಲ್ಲ. ಒಂದು ಕೊಡ."

ಅದನ್ನು ಕೇಳುತ್ತ ಕೇಳುತ್ತ ಕಾವೇರಿಯ ಹೆದರಿಕೆ ಸಿಟ್ಟಾಗಿ ತಿರುಗಿತು.

"ಹಿಂದ ಎಂದಾದ್ರೂ ಕೊಟ್ಟಾನೇನ ಅಂವ? ಖರೇ ಹೇಳು ಯತ್ತಿ. ನೀ ಕೇಳಿದ್ದೆಲ್ಲ ಕೊಟ್ಟಾನೇನ?"

ಮುದುಕಿ ಸೆರಗನ್ನು ಮಡಚಲಿಲ್ಲ. ಒಡ್ಡಿಕೊಂಡೇ ಹೇಳಿದಳು: "ನಿನ್ನ ಗಂಡನ ಬೆನ್ನಿಗೆ ಒಂದು ಹೆಣ್ಣು ಹುಟ್ಟಿತ್ತು. ನಿನಗ ಯಾರೂ ಹೇಳಿಲ್ಲ. ಆ ವರ್ಷ ತಿನ್ನಾಕ ಇರಲಿಲ್ಲ, ನನ್ನ ಎದಿಯಾಗ ಹಾಲು ಬತ್ತಿ ಹೋತು. ಹಿಂಗ ಸೆರಗ ಒಡ್ಡಿ ಕೇಳಿದೆ. ಮೂರು ದಿನ ಕೇಳಿದೆ."

"ಕೊಟ್ಟನೇನ?"

"ಕೊಡಲಿಲ್ಲ."

"ಮತ್ತ ಅವನ್ನ ಹ್ಯಾಂಗ ನಂಬ್ತಿ?"

"ಕೂಸನ್ನ ಮಣ್ಣು ಮಾಡಿ ಬಂದ್ನೆಲ್ಲ, ಸೋಮನಿಂಗ ಹಸಿವಾತು ಅಂತ ಅಳಾಕತ್ತಿದ್ದ. ಅವಂಗ ಬೇಕಲ್ಲ? ಮತ್ತ ಸೆರಗ ಒಡ್ಡಿದೆ. ಇನ್ಯಾರ ಮುಂದ ಒಡ್ಡಲಿ, ಹೇಳ ನನ್ನವ್ವ?"

ಕಾವೇರಿ ಮಗುವನ್ನು ಎದೆಗೊತ್ತಿಕೊಂಡು ಕುಳಿತಳು.

ನಾಲ್ಕು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಗಾಳಿ ಬೀಸಿ, ಮಣ್ಣಿನ ವಾಸನೆ ಬಂತು, ಆಮೇಲೆ ದಪ್ಪ ದಪ್ಪ ಹನಿ. ಶೇವಂತೆವ್ವ ಮೊಣಕಾಲಿನ ನೋವು ಮರೆತು ಚಂಗನೆ ಎದ್ದಳು. ಇಬ್ಬರೂ ಸೇರಿ ತಾಡಪಾಲನ್ನು ಜಾಲಿಗಿಡಗಳಿಗೆ ಜೋಳಿಗೆಯಂತೆ ಕಟ್ಟಿದರು. ಅದರ ನಡುವೆ ನೀರು ಕೂಡಿತು. ಕೊಡ ತುಂಬಿತು, ಹಿಟ್ಟಿನ ಡಬ್ಬಿ ತುಂಬಿತು, ಊಟದ ತಾಟುಗಳೂ ತುಂಬಿದವು. ಮಾಲಾ ಬಾಯ್ತೆರೆದು ಮಳೆಗೇ ಮುಖವೊಡ್ಡಿ ಕುಡಿದಳು. ಕಾವೇರಿಯೂ ಕುಡಿದಳು. ಅಷ್ಟು ಸಿಹಿಯಾದದ್ದನ್ನು ತಾನೆಂದೂ ಕುಡಿದಿಲ್ಲ ಅನ್ನಿಸಿತು ಅವಳಿಗೆ.

"ನೋಡಿದ್ಯೇನ!" ಶೇವಂತೆವ್ವ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಒಂದು ಕೊಡ ಕೇಳಿದ್ರ ಎಷ್ಟು ಕೊಟ್ಟ ನೋಡು!"

ಮಳೆ ನಿಲ್ಲಲಿಲ್ಲ. ಕೊಡ ತುಂಬಿ ಚೆಲ್ಲಿದ ಮೇಲೂ ಸುರಿಯಿತು. ಕಾವೇರಿ ತಿರುಗಿ ನೋಡಿದಾಗ ಅವಳು ಚುಚ್ಚಿದ ಕೋಲು ಇರಲಿಲ್ಲ. ಅದಿದ್ದ ಜಾಗದಿಂದ ಎರಡು ಮಾರು ಮೇಲಕ್ಕೆ ನೀರು ಬಂದಿತ್ತು. ಅವಳು ಇನ್ನೊಂದು ಕೋಲು ಚುಚ್ಚಿದಳು. ನೋಡುನೋಡುತ್ತಲೇ ಅದರ ಬುಡ ಒದ್ದೆಯಾಯಿತು. ದಿಬ್ಬದ ಕೆಳಗಿನ ಸಾಲಿನ ಕುರಿಗಳು ಕಾಲೆತ್ತಿ, ಮುಂದಿನವುಗಳ ಬೆನ್ನಿಗೆ ಬಿದ್ದು ಒತ್ತಿದವು.

"ನೀರು ಕೇಳಿದ್ದು ನೀನ ಅಲ್ಲೇನ ಯತ್ತಿ?" ಕಾವೇರಿಯ ದನಿ ಒಡೆಯಿತು. "ಈಗ ಸಾಕಂತ ಹೇಳು ಅವಗ! ಸಾಕಂತ ಹೇಳು!"

ಶೇವಂತೆವ್ವನ ನಗು ಮಾಯವಾಗಿತ್ತು. ಅವಳು ಮತ್ತೆ ಸಂಚಿಗೆ ಕೈ ಹಾಕಿದಳು. ಭಂಡಾರ ನೆನೆದು ಮುದ್ದೆಯಾಗಿತ್ತು. ಮೂವರೂ ಒಂದೇ ಕಂಬಳಿಯಡಿ ಒತ್ತಿ ಕುಳಿತು, ಮಳೆಯ ಸದ್ದು ಯಾವುದು, ನದಿಯ ಸದ್ದು ಯಾವುದು ತಿಳಿಯದೆ ಬೆಳಗು ಮಾಡಿದರು.

ಬುಧವಾರ ಹತ್ತು ಗಂಟೆಗೆ ಮೋಟಾರಿನ ಸದ್ದು ಕೇಳಿಸಿತು. ಮಳೆ ನಿಂತಿತ್ತು. ದಿಬ್ಬದಲ್ಲಿ ಒಂದು ಬಯಲಾಟದ ಕಟ್ಟೆಯಷ್ಟು ನೆಲ ಉಳಿದಿತ್ತು. ನೀರಿನಲ್ಲಿ ತೇಲಿಬರುತ್ತಿದ್ದ ಗಿಡಗಂಟಿಗಳನ್ನು ತಪ್ಪಿಸುತ್ತ ಒಂದು ದೋಣಿ ಬಂದು ಜಾಲಿಯ ಬುಡಕ್ಕೆ ತಾಗಿತು. ಮೋಟಾರು ಹಿಡಿದವನು ನಲವತ್ತರ ಆಸುಪಾಸಿನವನು.

"ನಾ ಸಿಕಂದರ ಅಂತ. ಕೊಲ್ಹಾರದಾಂವ, ಮೀನ ಹಿಡಿತೇನಿ" ಎಂದು ಕೂಗಿ ಹೇಳಿದ. "ಚನ್ನಬಸಯ್ಯನವರು ನಿನ್ನೆ ಫೋನ್ ಮಾಡಿ ಮಾಡಿ ಸಾಕ ಮಾಡ್ಯಾರ. ದೋಣಿ ಟ್ರ್ಯಾಕ್ಟರದಾಗ ಹೇರ್ಕೊಂಡು ಬಂದೇನಿ. ಲಗೂನ ಹತ್ತರಿ, ಸೆಳವು ಭಾಳ ಐತಿ."

ಅವನು ಒಂದು ಗಂಟು ಎಸೆದ. ಚನ್ನಬಸಯ್ಯನವರ ಹೆಂಡತಿ ಬಾಳಮ್ಮ ಕಳಿಸಿದ್ದು: ಚುರುಮುರಿ, ಬೆಲ್ಲ, ಹತ್ತಿಪ್ಪತ್ತು ಕಟಕ ರೊಟ್ಟಿ. ಕಾವೇರಿ ಗಂಟನ್ನು ಬಿಚ್ಚದೆ ಕೇಳಿದಳು: "ಅಣ್ಣಾರ, ಕುರಿ?"

ಸಿಕಂದರ ಹಿಂಡನ್ನು ನೋಡಿ ತಲೆ ಅಲ್ಲಾಡಿಸಿದ. "ಮನಶ್ಯಾರಿಗೆ ಜಾಗ ಐತಿ ಅಕ್ಕಾರ. ಕುರಿ ಹತ್ತಿಸಿದ್ರ ದೋಣಿ ಮಗುಚತೈತಿ."

ಕಾವೇರಿ ಮಾಲಾಳನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅತ್ತೆಯ ತೋಳು ಹಿಡಿದು ದೋಣಿಗೆ ಹತ್ತಿಸಿದಳು. ತಾನು ಹಿಂದಕ್ಕೆ ಹೆಜ್ಜೆಯಿಟ್ಟಳು.

"ನೀ ಹತ್ತ!" ಶೇವಂತೆವ್ವ ಚೀರಿದಳು.

"ಎಲ್ಲಾರೂ ಹೋದ್ರ ಒಂದು ಕುರಿ ಅಂಜಿ ನೀರಿಗೆ ಹಾರತೈತಿ. ಅದರ ಹಿಂದ ಎಲ್ಲಾ ಹಾರ್ತಾವ. ನನ್ನ ಅಪ್ಪನ ಮನ್ಯಾಗ ನೋಡೇನಿ ಯತ್ತಿ, ಕುರಿ ಹೋದ ಮ್ಯಾಲ ಏನಾಗತೈತಿ ಅಂತ."

"ನಾ ಇರ್ತೇನಿ, ಮುದುಕಿ. ನೀ ಕೂಸಿನ ಸಂಗಾಟ ಹೋಗ."

"ನಿನ್ನ ಮೊಣಕಾಲಿಗೆ ಟಗರು ತಡಿಯಾಕ ಆಗತೈತೇನ?"

ಸಿಕಂದರ ಬೈದ, ಬೇಡಿದ. ಕೊನೆಗೆ, "ಹೊತ್ತು ಮುಳುಗೂದ್ರೊಳಗ ಮತ್ತ ಬರ್ತೇನಿ. ಆಗಾದ್ರೂ ಹತ್ತಬೇಕ ನೋಡ್ರಿ" ಎಂದ. ಶೇವಂತೆವ್ವ ಬಾಗಿ ಸೊಸೆಯ ಕೈ ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದು, ಬಿಡಲೊಲ್ಲಳು. ಕಾವೇರಿ ಬೆರಗಾಗಿ ಅವಳ ಮುಖ ನೋಡಿದಳು.

"ಯತ್ತಿ, ನಿನಗ ಅಂಜಿಕಿ ಬಂದೈತಿ."

"ಎಂದ ಇರಲಿಲ್ಲ?" ಎಂದಳು ಮುದುಕಿ. "ಮದುವ್ಯಾದ ದಿನದಿಂದ ಅಂಜಿಕೋತನ ಬಂದೇನಿ. ಅಂಜಿಕಿ ಬಂದಾಗೆಲ್ಲ ಅವನ ಹೆಸರ ತಗೋತೇನಿ, ಅಷ್ಟ."

ಮಾಲಾ "ಯವ್ವಾ, ಯವ್ವಾ" ಎಂದು ಅಳುವುದು ನೀರಿನ ಮೇಲೆ ಬಹಳ ದೂರದ ತನಕ ಕೇಳಿಸಿತು. ಆಮೇಲೆ ಅದೂ ನಿಂತಿತು.

ಕಾವೇರಿ ಒಬ್ಬಳೇ ಉಳಿದಳು. ಚುರುಮುರಿಯ ಗಂಟು ಮಡಿಲಲ್ಲಿತ್ತು. ಎರಡು ದಿನ ರೊಟ್ಟಿಯ ಚೂರುಗಳಲ್ಲೇ ಕಳೆದಿದ್ದರೂ ಅದನ್ನು ಬಿಚ್ಚಲಿಲ್ಲ. ಅವಳು ಕುರಿಗಳ ಸುತ್ತ ತಿರುಗುತ್ತಲೇ ಇದ್ದಳು. ಅಂಚಿಗೆ ಬಂದದ್ದನ್ನು ಕೋಲಿನಿಂದ ಒಳಕ್ಕೆ ತಳ್ಳುವಳು, ಮತ್ತೊಂದು ಬರುವುದು. ಟಗರಿನ ಹಗ್ಗವನ್ನು ಜಾಲಿಗೆ ಬಿಗಿದು ಕಟ್ಟಿದಳು.

ಐದರ ಸುಮಾರಿಗೆ ದೋಣಿ ಮತ್ತೆ ಕಂಡಿತು. ಅರ್ಧ ದಾರಿಗೆ ಬಂದಿತ್ತು. ಅಷ್ಟರಲ್ಲಿ ಬೇರುಸಹಿತ ತೇಲಿಬಂದ ಒಂದು ದೊಡ್ಡ ಬೇವಿನಮರ ಅದಕ್ಕೆ ಅಡ್ಡವಾಯಿತು. ಮೋಟಾರಿನ ಸದ್ದು ನಿಂತಿತು. ಸಿಕಂದರ ಹುಟ್ಟು ಹಾಕುತ್ತಿದ್ದ, ದೋಣಿ ಗಿರಗಿರನೆ ತಿರುಗುತ್ತ ಕೆಳಕ್ಕೆ ಸಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅದು ಆಚೆ ದಂಡೆಗೆ ಹತ್ತಿದ್ದು ಕಂಡು ಅವಳು ಉಸಿರುಬಿಟ್ಟಳು. ಆಮೇಲೆ ತಿಳಿಯಿತು, ಇನ್ನು ಯಾರೂ ಬರುವುದಿಲ್ಲ.

ಆಗಲೇ ದಿಬ್ಬದ ಕೆಳಗಿನ ಮಗ್ಗುಲು ಕುಸಿಯಿತು. ಸದ್ದಿಲ್ಲ. ನೆನೆದ ಎರೆಮಣ್ಣು ಬೆಲ್ಲದ ಹಾಗೆ ಕರಗಿ ಜಾರಿತು. ಅದರ ಮೇಲಿದ್ದ ಕುರಿಗಳು ಮಣ್ಣಿನೊಡನೆ ಹೋದವು. ಒಂದರ ಕಿವಿ ಅವಳ ಕೈಗೆ ಸಿಕ್ಕಿತ್ತು, ಜಾರಿತು. ತಲೆಗಳು ಒಂದಷ್ಟು ದೂರ ಕಂಡವು. ಉಳಿದ ಹಿಂಡು ಅವುಗಳ ಹಿಂದೆ ನುಗ್ಗಲು ತಿರುಗಿತು. ಕಾವೇರಿ ಅಡ್ಡ ಮಲಗಿಬಿಟ್ಟಳು. ಗೊರಸುಗಳು ಬೆನ್ನು ತುಳಿದವು. ಕಟ್ಟಿದ ಟಗರು ಅರಚಿತು; ಆ ಕೂಗಿಗೆ ಹಿಂಡು ಅದರತ್ತ ಹೊರಳಿತು.

ಅವಳು ಎದ್ದು, ಕುರಿಗಳ ನಡುವೆ ನುಸುಳಿ, ಮೊಣಕಾಲೂರಿ ಕುಳಿತಳು. ಮೈಯೆಲ್ಲ ಕೆಸರು. ಕತ್ತಲು ಬೀಳುತ್ತಿತ್ತು. ಅವಳಿಗೆ ಮಂತ್ರ ಬರುತ್ತಿರಲಿಲ್ಲ. ಗುಡಿಗೆ ಹೋದಾಗಲೆಲ್ಲ ಅತ್ತೆಯ ಹಿಂದೆ ಸುಮ್ಮನೆ ನಿಂತು ಬಂದವಳು ಅವಳು.

"ಸಿದ್ಧಪ್ಪಾ" ಎಂದಳು. ಅವಳ ದನಿ ಅವಳಿಗೇ ಪರಕೀಯವೆನ್ನಿಸಿತು. "ನನಗ ನಿನ್ನ ಗುರ್ತಿಲ್ಲ. ನಮ್ಮತ್ತಿಗೆ ಐತಿ. ಅಕಿ ಮಾರಿ ನೋಡಿ ಕೊಡು. ಇಷ್ಟು ನೆಲ ಬಿಡು. ಇವಕ್ಕ ನಿಲ್ಲಾಕ, ನನಗ ಕುಂದ್ರಾಕ. ನಸುಕಿನ ತನಕ ಸಾಕು."

ಮಾತು ಮುಗಿದರೂ ಏನೂ ಆಗಲಿಲ್ಲ. ನೀರು ಮೊದಲಿನಂತೆಯೇ ಮೊರೆಯುತ್ತಿತ್ತು. ಆದರೆ ಕೈಗೆ ಗಂಟು ಸಿಕ್ಕಿತು. ಬಿಚ್ಚಿ, ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡಳು. ನೆನೆದು ಮೆತ್ತಗಾಗಿತ್ತು. ನುಂಗಿದಳು. ಇನ್ನೊಂದು ಹಿಡಿ ತಿಂದಳು. ನಾಯಿ ಬಂದು ಮೊಣಕಾಲಿಗೆ ಒರಗಿತು. ಅದಕ್ಕೂ ಒಂದು ರೊಟ್ಟಿ ಮುರಿದು ಹಾಕಿದಳು. ಆಮೇಲೆ ಕುರಿಗಳ ಬಿಸಿ ಮೈಗಳ ನಡುವೆ, ತೂಗಡಿಸುತ್ತ, ಬೆಚ್ಚಿ ಎಚ್ಚರಾಗುತ್ತ, ಕಾಲ ಬುಡ ತಡವಿ ನೋಡುತ್ತ ಕುಳಿತಳು. ಪ್ರತಿ ಸಲ ತಡವಿದಾಗಲೂ ಕೈಗೆ ಮಣ್ಣೇ ಸಿಕ್ಕಿತು.

ಗುರುವಾರ ಬೆಳಕು ಹರಿದಾಗ ನೀರು ದಿಬ್ಬದಿಂದ ಹತ್ತು ಮಾರು ಹಿಂದಕ್ಕೆ ಸರಿದಿತ್ತು. ಮಧ್ಯಾಹ್ನಕ್ಕೆ ಎದೆಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ಸೋಮನಿಂಗನೂ ಊರಿನ ನಾಲ್ಕು ಜನರೂ ಬಂದರು. ಅವನು ಹೆಂಡತಿಯ ಮುಖ ನೋಡಿ ಕುರಿಗಳನ್ನು ಎಣಿಸುವವನಂತೆ ಆಚೆ ತಿರುಗಿ ನಿಂತ. ಅರವತ್ತೊಂದು ಇದ್ದವು. ಇನ್ನೊಂದು ದಿನ ಕಾದು, ಕೆಸರಿನಲ್ಲಿ ಹೂತ ಕಾಲುಗಳನ್ನು ಕಿತ್ತು ಕಿತ್ತು, ಒಂದೊಂದಾಗಿ ಅವನ್ನು ದಾಟಿಸಿದರು.

ಚನ್ನಬಸಯ್ಯನವರ ದನದ ಕೊಟ್ಟಿಗೆಯಲ್ಲಿ ಅವರಿಗೆ ಜಾಗವಾಯಿತು. ಬಾಳಮ್ಮ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ ಎದುರಿಗೇ ಕುಳಿತಳು. "ಇನ್ನೊಂದು ಹಾಕ್ಕೋ ಯವ್ವಾ, ಸಂಕೋಚ ಮಾಡಬ್ಯಾಡ" ಎನ್ನುತ್ತಲೇ ಇದ್ದಳು. ಮಾಲಾ ಆ ಮನೆಯ ಮಕ್ಕಳೊಡನೆ ಅಂಗಳದಲ್ಲಿ ಆಡುತ್ತಿದ್ದಳು. ತಾಯಿಯನ್ನು ಕಂಡು ಓಡಿ ಬಂದವಳು, ಒಮ್ಮೆ ಕೊರಳು ತಬ್ಬಿ, ಮತ್ತೆ ಆಟಕ್ಕೆ ಓಡಿದಳು. ಬಿತ್ತನೆ ಮುಗಿಯುವ ತನಕ ಇಲ್ಲೇ ಇರಿ, ಆಮೇಲೆ ಮುದ್ದೇಬಿಹಾಳದ ಕಡೆ ನಮ್ಮ ಬೀಗರ ಎತ್ತರದ ಹೊಲವಿದೆ, ಅಲ್ಲಿಗೆ ಹೇಳಿ ಕಳಿಸುತ್ತೇನೆ ಎಂದರು ಚನ್ನಬಸಯ್ಯ.

ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಶೇವಂತೆವ್ವ ಕಾವೇರಿಯ ಬೆನ್ನಿನ ಗಾಯಗಳಿಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದಳು. ಕಾವೇರಿ ಕೇಳಿದಳು:

"ನೆಲ ಕೊಟ್ಟ ಯತ್ತಿ. ನಾ ಕೇಳಿದಷ್ಟ ಕೊಟ್ಟ. ಆದ್ರ ಆ ಹನ್ನೊಂದು ಕುರಿ ಯಾಕ ಒಯ್ದ?"

ಬೆನ್ನ ಮೇಲಿನ ಕೈ ಒಂದು ಗಳಿಗೆ ನಿಂತಿತು.

"ನಾನೂ ಮುಂಜಾನಿಂದ ಅದನ್ನ ಕೇಳಾಕತ್ತೇನಿ" ಎಂದಳು ಶೇವಂತೆವ್ವ. "ಇನ್ನೂ ಹೇಳಿಲ್ಲ."

ಆಮೇಲೆ ಅವಳು ಮತ್ತೆ ಎಣ್ಣೆ ಹಚ್ಚತೊಡಗಿದಳು. ಕಾವೇರಿ ಹುಲ್ಲಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಕೊಟ್ಟಿಗೆಯ ಆಚೆ ಬದಿಯಲ್ಲಿ ಕುರಿಗಳು ಒಣ ಜೋಳದ ಕಣಕಿ ಮೇಯುವ ಸದ್ದು ಕೇಳುತ್ತಿತ್ತು.